ಬೇಸಗೆಯ ಮೊದಲಲ್ಲಿ ಹಿಮಾಲಯ: ಹಿಮಕುಸಿತವನ್ನೂ ಬೆಟ್ಟದ ಜೀವಿಗಳನ್ನೂ ಕುರಿತು ಕೆಲವು ತಿಳುವಳಿಕೆಗಳು

ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಕ್ಕಳಿಗೆ ಹಿಮವೆಂಬುದು ಬಹುಮಟ್ಟಿಗೆ ಪುಸ್ತಕದ ಮಾತು. ಸತ್ಯವೇದದಲ್ಲಿ ಅದರ ಹೆಸರನ್ನು ಕೇಳಿರುವೆವು. ಕ್ರಿಸ್ಮಸ್ ಹಬ್ಬದ ಚಿತ್ರಗಳಲ್ಲಿ ಅದರ ಬಿಳುಪನ್ನು ಕಂಡಿರುವೆವು. ಭೂಗೋಳದ ತರಗತಿಯಲ್ಲಿ ಹಿಮರೇಖೆಯ ವಿಷಯವನ್ನು ಬಾಯಿಪಾಠ ಮಾಡಿರುವೆವು. ಆದರೆ ಈಗ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಕನ್ನಡನಾಡಿನ ಅನೇಕರು ಹಿಮಾಲಯಕ್ಕೆ ಟ್ರೆಕ್ಕಿಂಗ್ ಎಂಬ ಕಾಲ್ನಡೆಯ ಪ್ರವಾಸ ಹೋಗುವುದು ವಾಡಿಕೆಯಾಗಿದೆ. ಅವರಲ್ಲಿ ನಮ್ಮ ಪಾಠಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಯರೂ ಉಂಟು. ಇದನ್ನು ನಾವು ಸಂತೋಷದಿಂದಲೇ ಕಾಣುತ್ತೇವೆ. ಆದರೂ ಹೊರಡುವುದಕ್ಕೆ ಮುಂಚೆ ಆ ಬೆಟ್ಟಗಳ ಸ್ವಭಾವವನ್ನು ಅರಿತುಕೊಳ್ಳುವುದು ಅತ್ಯವಶ್ಯವಾದುದರಿಂದ ಈ ಕೆಲವು ವಿಷಯಗಳನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ನಮ್ಮನ್ನು ಮೋಸಗೊಳಿಸುವುದು ಬೇಸಗೆಯೆಂಬ ಮಾತೇ. ನಮ್ಮಲ್ಲಿ ಬೇಸಗೆಯೆಂದರೆ ಕೆರೆ ಬತ್ತುವ, ಮಾವು ಹಣ್ಣಾಗುವ ಕಾಲ. ಗಢವಾಲ, ಕುಲ್ಲು, ಲಾಹೌಲ್ ಮುಂತಾದ ಸೀಮೆಗಳ ಎತ್ತರದ ಕಣಿವೆಗಳಲ್ಲಿಯಾದರೋ ಅದು ಚಳಿಗಾಲದ ಹಿಮವು ಕರಗಲಾರಂಭಿಸುವ ಕಾಲ. ಸಾವಿರ ಮೀಟರು ಮೇಲೇರಿದರೆ ಉಷ್ಣತೆಯು ಸುಮಾರು ಆರೂವರೆ ಡಿಗ್ರಿ ಇಳಿಯುವುದು. ಕೆಳಗೆ ಹೃಷೀಕೇಶದಲ್ಲಿ ೩೮ ಡಿಗ್ರಿಯ ಬಿಸಿಲಿರುವಾಗ ೪,೦೦೦ ಮೀಟರು ಎತ್ತರದಲ್ಲಿ ೧೪ ಡಿಗ್ರಿ ಮಾತ್ರ ಇರಬೇಕೆಂದು ಲೆಕ್ಕವು ಹೇಳುವುದು. ಇದು ನಡುಹಗಲಿನ ಮಾತು. ಅದೇ ಸ್ಥಳದಲ್ಲಿ ರಾತ್ರಿ ನೀರು ಹೆಪ್ಪುಗಟ್ಟಬಹುದು. ಗಾಳಿ ಬೀಸಿದರೆ ಚಳಿಯು ಇಮ್ಮಡಿಯಾಗಿ ತೋರುವುದು.

ಇದು ಬರಿಯ ಲೆಕ್ಕದ ಮಾತಲ್ಲವೆಂಬುದಕ್ಕೆ ಎರಡು ದುಃಖಕರವಾದ ಸಾಕ್ಷಿಗಳುಂಟು. ೨೦೨೪ನೆಯ ಇಸವಿ ಜೂನ್ ತಿಂಗಳ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಎಂಬ ಸರೋವರಗಳ ಎಡೆಗೆ ಹೋಗಿದ್ದ ೨೨ ಮಂದಿಯ ತಂಡವು ಹಿಮಗಾಳಿಗೆ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ಬೆಂಗಳೂರಿನಿಂದ ಹೋದವರು. ೯ ಮಂದಿ ಮಡಿದರು. ಉಳಿದ ೧೩ ಮಂದಿ ಬದುಕಿ ಬಂದರು. ಅಲ್ಲಿ ಪ್ರಾಣ ತೆಗೆದದ್ದು ಹಿಮಕುಸಿತವಲ್ಲ. ಗಾಳಿಯೂ ಚಳಿಯೂ ಆಗಿದ್ದವು. ೨೦೧೯ರ ಮೇ ತಿಂಗಳ ಕೊನೆಯಲ್ಲಿ ನಂದಾದೇವಿ ಪೂರ್ವ ಶಿಖರದ ಸಮೀಪದಲ್ಲಿ ಎಂಟು ಮಂದಿ ಪರ್ವತಾರೋಹಿಗಳು ಹಿಮಕುಸಿತಕ್ಕೆ ಬಲಿಯಾದರು. ಅವರ ತಂಡದ ನಾಯಕನು ಆ ಬೆಟ್ಟಗಳನ್ನು ಚೆನ್ನಾಗಿ ಬಲ್ಲ ಅನುಭವಶಾಲಿ. ಅನುಭವವಿದ್ದವರಿಗೇ ಹೀಗಾದರೆ, ಹಿಮವನ್ನು ಮೊದಲ ಸಾರಿ ಮೆಟ್ಟುವ ನಮ್ಮ ಮಕ್ಕಳು ಎಷ್ಟು ಜಾಗರೂಕರಾಗಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಹಿಮಪಾತ, ಹಿಮಕುಸಿತ ಎಂಬೆರಡು ಮಾತುಗಳನ್ನು ಅನೇಕರು ಒಂದೇ ಅರ್ಥದಲ್ಲಿ ಬಳಸುವುದುಂಟು. ಆಕಾಶದಿಂದ ಹಿಮವು ಬೀಳುವುದು ಹಿಮಪಾತ. ಬೆಟ್ಟದ ಓರೆಯ ಮೇಲೆ ಕೂಡಿದ ಹಿಮವು ಸಡಿಲಿ ರಾಶಿಯಾಗಿ ಕೆಳಗೆ ನುಗ್ಗುವುದು ಹಿಮಕುಸಿತ. ಚಳಿಗಾಲವೆಲ್ಲಾ ಬಿದ್ದ ಹಿಮವು ಒಂದೇ ಗಟ್ಟಿಯಾಗಿರದೆ, ಪದರಪದರವಾಗಿ ಇರುವುದು. ಕೆಲವು ಪದರಗಳು ಬಿಗಿಯಾದವು. ಕೆಲವು ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾದವು. ಬಿಡಿಯಾದ ಪದರದ ಮೇಲೆ ಬಿಗಿಯಾದ ಪದರವು ಕೂತಿದ್ದರೆ ಅಪಾಯ ಹೆಚ್ಚು. ಇದನ್ನು ಅಡಿಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಹಲಗೆಯೊಂದರ ಮೇಲೆ ರವೆಯನ್ನು ತೆಳ್ಳಗೆ ಹರಡಿ, ಅದರ ಮೇಲೆ ಒಣಗಿದ ಜೋಳದ ರೊಟ್ಟಿಯನ್ನಿಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಮೆಲ್ಲನೆ ಎತ್ತಿರಿ. ಸ್ವಲ್ಪ ಹೊತ್ತು ರೊಟ್ಟಿಯು ಅಲುಗದು; ಬಳಿಕ ಒಮ್ಮೆಲೇ ಇಡಿಯಾಗಿ ಜಾರುವುದು. ಮೇಲಿನಿಂದ ಬೆರಳಿನಿಂದ ಒತ್ತಿದರೆ ಇನ್ನೂ ಬೇಗನೆ ಜಾರುವುದು. ಮನುಷ್ಯನ ಭಾರವು ಆ ಬೆರಳಿನ ಕೆಲಸವನ್ನು ಮಾಡುವುದು. ಪ್ರವಾಸಿಗಳು ಸಿಕ್ಕಿ ಸತ್ತ ಹಿಮಕುಸಿತಗಳಲ್ಲಿ ಬಹುಪಾಲು ಸಿಕ್ಕಿದವರಿಂದಲೋ ಅವರ ಜೊತೆಗಾರರಿಂದಲೋ ಆರಂಭವಾದವುಗಳೇ. ಕೂಗಿದರೆ ಹಿಮವು ಕುಸಿಯುವುದೆಂದು ಜನರು ಹೇಳುವುದುಂಟು, ಅದು ನಿಜವಲ್ಲ. ಮನುಷ್ಯನ ದನಿಗೆ ಅಷ್ಟು ಬಲವಿಲ್ಲ, ಹೆಜ್ಜೆಗೆ ಉಂಟು.

ಯಾವ ಓರೆಯು ಅಪಾಯಕರವೆಂಬುದನ್ನು ನಮ್ಮ ಹುಡುಗಿಯರು ತಮ್ಮ ಗಣಿತದ ಪೆಟ್ಟಿಗೆಯಿಂದಲೇ ತಿಳಿಯಬಹುದು. ಕೋನಮಾಪಕದ ನಡುಬಿಂದುವಿಗೆ ದಾರವನ್ನು ಕಟ್ಟಿ, ದಾರದ ತುದಿಗೆ ಒಂದು ಸಣ್ಣ ಗುಂಡನ್ನು ತೂಗಬಿಡಬೇಕು. ಸುರಕ್ಷಿತವಾದ ಸ್ಥಳದಲ್ಲಿ ನಿಂತು, ದೂರದ ಓರೆಯನ್ನು ಪಕ್ಕದಿಂದ ನೋಡುತ್ತಾ, ಕೋನಮಾಪಕದ ನೇರವಾದ ಅಂಚನ್ನು ಮೇಲುಮಾಡಿ ಆ ಓರೆಗೆ ಸರಿಯಾಗಿ ಹಿಡಿಯಬೇಕು. ದಾರವು ೯೦ ಡಿಗ್ರಿಯ ಗುರುತಿನಿಂದ ಎಷ್ಟು ಸರಿದಿದೆಯೋ ಅಷ್ಟೇ ಆ ಓರೆಯ ಕೋನ. ಹೆಚ್ಚಿನ ಹಿಮಕುಸಿತಗಳು ೩೦ರಿಂದ ೪೫ ಡಿಗ್ರಿಯ ಓರೆಗಳಲ್ಲಿ ಹುಟ್ಟುತ್ತವೆ. ಮಹಡಿಯ ಮೆಟ್ಟಿಲು ಸಾಮಾನ್ಯವಾಗಿ ೩೦ರಿಂದ ೩೫ ಡಿಗ್ರಿ ಇರುವುದೆಂದು ನೆನೆದರೆ, ಅಪಾಯದ ಓರೆಯು ಕಡಿದಾದ ಬಂಡೆಯಲ್ಲ, ನಮ್ಮ ಕಾಲಿಗೆ ಸುಲಭವಾಗಿ ಎಟಕುವಂಥದೇ ಎಂದು ತಿಳಿಯುವುದು. ಇನ್ನೊಂದು ಮಾತನ್ನು ಮರೆಯಬಾರದು. ನಾವು ನಿಂತ ನೆಲವು ಸಮವಾಗಿದ್ದರೆ ಸಾಲದು. ನಮ್ಮ ತಲೆಯ ಮೇಲಿರುವ ಓರೆಯನ್ನೂ ಅಳೆಯಬೇಕು.

ಬೇಸಗೆಯ ಮೊದಲಲ್ಲಿ ಈ ಅಪಾಯವು ಬೇರೊಂದು ರೂಪ ತಾಳುವುದು. ರಾತ್ರಿ ಆಕಾಶವು ತಿಳಿಯಾಗಿದ್ದರೆ ಹಿಮದ ಮೇಲ್ಮೈ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಮುಂಜಾನೆ ಅದರ ಮೇಲೆ ನಡೆಯುವುದು ತಕ್ಕಮಟ್ಟಿಗೆ ಕ್ಷೇಮಕರ. ಬಿಸಿಲೇರಿದಂತೆ ಕರಗಿದ ನೀರು ಪದರಗಳ ನಡುವೆ ಇಳಿದು, ಕಣಗಳಿಗಿರುವ ಅಂಟನ್ನು ಬಿಡಿಸುವುದು. ಮಧ್ಯಾಹ್ನದ ವೇಳೆಗೆ ಹಿಮವು ತೊಯ್ದ ಮಣ್ಣಿನಂತೆ ಭಾರವಾಗಿ ಜಾರುವುದು. ಈ ಕಾರಣದಿಂದಲೇ ಬೆಟ್ಟಗಳನ್ನು ಬಲ್ಲವರು ಕತ್ತಲಿರುವಾಗಲೇ ಹೊರಟು, ಬಿಸಿಲು ಬಲಿಯುವ ಮುಂಚೆ ಹಿಮದ ಓರೆಗಳನ್ನು ದಾಟಿಬಿಡುವರು. ರಾತ್ರಿಯೆಲ್ಲಾ ಮೋಡ ಕವಿದು ಹಿಮವು ಹೆಪ್ಪುಗಟ್ಟದೆ ಇದ್ದರೆ ಬೆಳಗ್ಗೆಯೂ ನಂಬತಕ್ಕದ್ದಲ್ಲ. ತೊರೆಗಳ ಮೇಲೆ ಉಳಿದ ಹಿಮದ ಸೇತುವೆಗಳೂ ಈ ಕಾಲದಲ್ಲಿ ಕೆಳಗಿನಿಂದ ಟೊಳ್ಳಾಗಿರುವವು. ಮೇಲೆ ಬೆಳ್ಳಗೆ ಕಾಣುವುದು ಒಳಗೆ ಒಂದು ಗೇಣೂ ದಪ್ಪವಿಲ್ಲದೆ ಇರಬಹುದು.

ಬೆಟ್ಟವು ತಾನೇ ಕೊಡುವ ಎಚ್ಚರಿಕೆಗಳು ಹೀಗಿವೆ. ಒಂದನೆಯದು, ಹತ್ತಿರದ ಓರೆಗಳಲ್ಲಿ ಹೊಸದಾಗಿ ಕುಸಿದ ಗುರುತು. ಎರಡನೆಯದು, ಕಾಲಿಟ್ಟಾಗ ಹಿಮದೊಳಗೆ ಧೊಪ್ಪೆಂದು ಕುಗ್ಗುವ ಶಬ್ದ ಅಥವಾ ಓಡುವ ಬಿರುಕು. ಮೂರನೆಯದು, ಬಿಸಿಲಿನಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳುವುದು. ನಾಲ್ಕನೆಯದು, ಒಂದೇ ದಿನದಲ್ಲಿ ಮೊಣಕಾಲು ಹೂಳುವಷ್ಟು ಹೊಸ ಹಿಮ ಅಥವಾ ಹಿಮದ ಮೇಲೆ ಮಳೆ. ಇವುಗಳಲ್ಲಿ ಒಂದು ಕಂಡರೂ ಆ ಓರೆಯನ್ನು ಬಿಟ್ಟುಬಿಡಬೇಕು. ದಾಟಲೇಬೇಕಾದಲ್ಲಿ ಒಬ್ಬೊಬ್ಬರಾಗಿ ದಾಟತಕ್ಕದ್ದು. ಉಳಿದವರು ಕ್ಷೇಮವಾದ ಎಡೆಯಲ್ಲಿ ನಿಂತು ದಾಟುವವಳ ಮೇಲೆಯೇ ಕಣ್ಣಿಟ್ಟಿರಬೇಕು.

ಹೂತುಹೋದವರಿಗೆ ಕಾಲವೇ ಪ್ರಾಣ. ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುವರು. ಅರ್ಧ ಗಂಟೆ ಮೀರಿದರೆ ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಹೊರಗಿನಿಂದ ಸಹಾಯ ಬರುವಷ್ಟು ಸಮಯವಿಲ್ಲ. ಜೊತೆಯಲ್ಲಿದ್ದವರೇ ಅಗೆದು ತೆಗೆಯಬೇಕು. ಅದಕ್ಕಾಗಿ ಮೂರು ಸಲಕರಣೆಗಳುಂಟು: ಹೂತವರ ಇರುವನ್ನು ತಿಳಿಸುವ ರೇಡಿಯೋ ಸಂಕೇತದ ಯಂತ್ರ, ಹಿಮದಲ್ಲಿ ಚುಚ್ಚಿ ನೋಡುವ ಉದ್ದವಾದ ಸರಳು, ಸಲಿಕೆ. ಇವುಗಳಲ್ಲಿ ಒಂದಿಲ್ಲದೆ ಉಳಿದೆರಡರಿಂದ ಪ್ರಯೋಜನ ಸ್ವಲ್ಪವೇ. ನಮ್ಮ ದೇಶದಲ್ಲಿ ಹಿಮಕುಸಿತದ ಅಧ್ಯಯನಕ್ಕಾಗಿ ೧೯೬೯ರಲ್ಲಿ ಮನಾಲಿಯಲ್ಲಿ ಸರಕಾರದ ಸಂಸ್ಥೆಯೊಂದು ಸ್ಥಾಪಿತವಾಯಿತು. ೨೦೨೦ರಲ್ಲಿ ಅದು ರಕ್ಷಣಾ ಇಲಾಖೆಯ ಮತ್ತೊಂದು ಸಂಸ್ಥೆಯೊಡನೆ ಕೂಡಿ ಹೊಸ ಹೆಸರನ್ನು ಪಡೆದು, ಚಂಡೀಗಢದಿಂದ ಎಚ್ಚರಿಕೆಗಳನ್ನು ಹೊರಡಿಸುತ್ತಿದೆ. ಹೊರಡುವ ಮುಂಚೆ ಅವನ್ನೂ ಹವಾಮಾನ ಇಲಾಖೆಯ ವರದಿಯನ್ನೂ ಓದತಕ್ಕದ್ದು.

ಎತ್ತರದ ಗಾಳಿಯಲ್ಲಿ ಪ್ರಾಣವಾಯುವು ವಿರಳ. ೩,೦೦೦ ಮೀಟರು ದಾಟಿದ ಬಳಿಕ ಮಲಗುವ ಸ್ಥಳವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಮಿಸಬೇಕು. ತಲೆನೋವು, ವಾಕರಿಕೆ ತೋರಿದರೆ ಮೇಲೇರಬಾರದು. ಹೆಜ್ಜೆ ತೊದಲಿದರೆ, ಮಾತು ತಪ್ಪಿದರೆ, ಕುಳಿತಲ್ಲಿಯೇ ಏದುಸಿರು ಬಂದರೆ ರಾತ್ರಿಯೆಂದು ನೋಡದೆ ಕೆಳಗಿಳಿಸಬೇಕು. ಹಿಮದ ಮೇಲಿನ ಬೆಳಕು ಕಣ್ಣನ್ನು ಸುಡುವುದರಿಂದ ಕಪ್ಪು ಕನ್ನಡಕವು ಅಲಂಕಾರದ ವಸ್ತುವಲ್ಲ.

ಇನ್ನು ಅಲ್ಲಿಯ ಜೀವಿಗಳ ವಿಷಯ. ಭೂರ್ಜವೃಕ್ಷಗಳ ಕಾಡಿನ ನಡುವೆ ಮೇಲಿನಿಂದ ಕೆಳಗಿನವರೆಗೆ ಮರವಿಲ್ಲದ ಒಂದು ಪಟ್ಟಿಯು ಕಾಣುವುದುಂಟು. ವರ್ಷವರ್ಷವೂ ಹಿಮವು ಕುಸಿದು ಮರಗಳನ್ನು ಮುರಿಯುವ ದಾರಿ ಅದು. ಅಂಚಿನ ಮರಗಳು ಕೆಳಮುಖವಾಗಿ ಬಾಗಿರುವವು. ಬಿಸಿಲು ಚೆನ್ನಾಗಿ ಬೀಳುವ ಆ ಪಟ್ಟಿಯಲ್ಲಿ ಹಿಮ ಹೋದೊಡನೆ ಎಳೆಯ ಹುಲ್ಲು ಚಿಗುರುವುದು. ಚಳಿಗಾಲವನ್ನು ನಿದ್ದೆಯಲ್ಲಿ ಕಳೆದು ಹಸಿದೆದ್ದ ಕರಡಿಯು ಮರಿಗಳೊಡನೆ ಅಲ್ಲಿ ಮೇಯಲು ಬರುವುದು. ಕುಸಿತದಲ್ಲಿ ಸತ್ತ ಪ್ರಾಣಿಗಳ ದೇಹಗಳನ್ನು ನರಿಗಳೂ ರಣಹದ್ದುಗಳೂ ಹುಡುಕುವವು. ಮನುಷ್ಯನ ಕಣ್ಣಿಗಾದರೋ ಅದು ಡೇರೆ ಹಾಕಲು ಬಹಳ ಒಪ್ಪುವ ಹಸುರು ನೆಲವಾಗಿ ತೋರುವುದು. ಅಲ್ಲಿ ಡೇರೆ ಹಾಕುವವನು ಹಿಮದ ದಾರಿಯಲ್ಲಿಯೂ ಕರಡಿಯ ಊಟದ ಎಡೆಯಲ್ಲಿಯೂ ಏಕಕಾಲಕ್ಕೆ ಮಲಗಿದಂತಾಗುವುದು.

ಮೇ, ಜೂನ್ ತಿಂಗಳುಗಳು ಅಲ್ಲಿಯ ತಾಯಂದಿರ ಕಾಲವೂ ಹೌದು. ಉತ್ತರಾಖಂಡದ ರಾಜ್ಯಪಕ್ಷಿಯಾದ ಮೊನಾಲ್ ನೆಲದ ಮೇಲೆಯೇ ಗೂಡು ಮಾಡಿ ಕಾವು ಕೂರುವುದು. ಕೊಂಬಿಲ್ಲದ ಕಸ್ತೂರಿಮೃಗವೂ ಭರಲ್ ಎಂಬ ನೀಲಿಕುರಿಯೂ ಮರಿಹಾಕುವವು. ನಾವು ಚಿತ್ರ ತೆಗೆಯುವ ಆಸೆಯಿಂದ ಅಟ್ಟಿಹೋದರೆ ಚಳಿಗಾಲದಿಂದ ಬಡಕಲಾದ ಆ ಪ್ರಾಣಿಗಳು ಉಳಿದ ಸ್ವಲ್ಪ ಶಕ್ತಿಯನ್ನೂ ಓಟದಲ್ಲಿ ಕಳೆದುಕೊಳ್ಳುವವು. ಹಿಮಚಿರತೆಯನ್ನು ಕಾಣುವ ಭಾಗ್ಯವು ಅಪರೂಪ. ೨೦೨೪ರ ಜನವರಿಯಲ್ಲಿ ಪ್ರಕಟವಾದ ಗಣತಿಯ ಅಂದಾಜಿನ ಪ್ರಕಾರ ಭಾರತದಲ್ಲಿರುವುದು ೭೧೮ ಮಾತ್ರ. ಅವುಗಳನ್ನು ಸ್ಪಿತಿ ಕಣಿವೆಯಲ್ಲಿ ಬಹುಕಾಲದಿಂದ ಅಭ್ಯಾಸ ಮಾಡುತ್ತಿರುವವರಲ್ಲಿ ನಮ್ಮ ಮೈಸೂರಿನಲ್ಲಿ ನೆಲೆಸಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರೂ ಸೇರಿರುವುದು ಕನ್ನಡಿಗರಿಗೆ ಹೆಮ್ಮೆ.

ಆ ಬೆಟ್ಟಗಳಿಗೂ ನಮಗೂ ಇನ್ನೊಂದು ಹಳೆಯ ನಂಟುಂಟು. ಗದಗ ಜಿಲ್ಲೆಯ ಮಾಗಡಿ ಕೆರೆಗೂ ನಂಜನಗೂಡಿನ ಬಳಿಯ ಹದಿನಾರು ಕೆರೆಗೂ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುವುದನ್ನು ಅನೇಕರು ಕಂಡಿರಬಹುದು. ಬೇಸಗೆ ಮೊದಲಾಗುವಾಗ ಅವು ಹಿಮಾಲಯವನ್ನು ದಾಟಿ, ಲಡಾಖ್, ಟಿಬೆಟ್, ಮಂಗೋಲಿಯಾ ಸೀಮೆಗಳ ಸರೋವರಗಳ ದಡದಲ್ಲಿ ಮೊಟ್ಟೆಯಿಡುವವು. ಈ ಜಾತಿಯ ಹಕ್ಕಿಗಳು ೭,೦೦೦ ಮೀಟರಿಗೂ ಮೇಲೆ ಹಾರಿದ ದಾಖಲೆಯುಂಟು. ಆದರೂ ಅವು ಸಾಮಾನ್ಯವಾಗಿ ಶಿಖರಗಳ ಮೇಲೆ ಹಾರದೆ, ಕಣಿವೆಗಳ ತಗ್ಗನ್ನೇ ಹುಡುಕಿ, ಗಾಳಿಯು ತಂಪಾಗಿರುವ ರಾತ್ರಿಯಲ್ಲಿಯೂ ಮುಂಜಾನೆಯಲ್ಲಿಯೂ ದಾಟುವವು.

ಬೆಟ್ಟದ ಜನರಲ್ಲಿಯೂ ಇಂಥ ವಿವೇಕವುಂಟು. ಗದ್ದಿ ಕುರುಬರು ಕಣಿವೆಯ ದಾರಿ ತೆರೆಯುವ ತನಕ ಹಿಂಡುಗಳನ್ನು ಕೆಳಗೇ ನಿಲ್ಲಿಸಿಕೊಂಡು ಕಾಯುವರು. ೧೮೫೦ರ ದಶಕದಲ್ಲಿ ಲಾಹೌಲಿನ ಕೇಲಾಂಗಿನಲ್ಲಿ ನೆಲೆನಿಂತ ಮೊರೇವಿಯನ್ ಮಿಷನರಿಗಳಾದ ಹೈಡೆ ದಂಪತಿಗಳು ಅಲ್ಲಿಯ ಸ್ತ್ರೀಯರಿಗೆ ಉಣ್ಣೆಯ ಹೆಣಿಗೆಯನ್ನು ಕಲಿಸಿದರು. ಲಾಹೌಲಿನ ಕಾಲುಚೀಲಗಳು ಈಗಲೂ ಪ್ರಸಿದ್ಧವಾಗಿವೆ. ಹೆಣಿಗೆಯ ತರಗತಿಯನ್ನು ಬೇಸರದಿಂದ ಕಳೆಯುವ ನಮ್ಮ ಹುಡುಗಿಯರು ಇದನ್ನು ಗಮನಿಸಲಿ. ಒದ್ದೆಯಾದರೂ ಸ್ವಲ್ಪಮಟ್ಟಿಗೆ ಬೆಚ್ಚಗಿಡುವುದು ಉಣ್ಣೆಯ ಗುಣ. ಹತ್ತಿಯ ಬಟ್ಟೆಯು ಒದ್ದೆಯಾದರೆ ಮೈಯ ಕಾವನ್ನು ಕದಿಯುವುದು.

ಸಹಸ್ರತಾಲಿನ ಸುದ್ದಿ ಬಂದ ಮೇಲೆ, ಹೆಣ್ಣುಮಕ್ಕಳನ್ನು ಇಂಥ ಪ್ರವಾಸಗಳಿಗೆ ಕಳುಹಿಸಲೇಬಾರದೆಂದು ಕೆಲವು ತಾಯಿತಂದೆಗಳು ನಮ್ಮೊಡನೆ ಹೇಳಿದರು. ಅವರ ಕಳವಳವನ್ನು ನಾವು ಗೌರವಿಸುತ್ತೇವೆ, ತೀರ್ಮಾನವನ್ನು ಒಪ್ಪಲಾರೆವು. ಹಿಮವು ಗಂಡು ಹೆಣ್ಣೆಂಬ ಭೇದವನ್ನು ಮಾಡುವುದಿಲ್ಲ. ತಿಳಿದವರು, ತಿಳಿಯದವರು ಎಂಬ ಭೇದವನ್ನು ಬಹಳಮಟ್ಟಿಗೆ ಮಾಡುತ್ತದೆ. ಆದಕಾರಣ ಅಪ್ಪಣೆಯನ್ನು ನಿರಾಕರಿಸುವುದಕ್ಕೆ ಬದಲಾಗಿ ಕೆಲವು ಪ್ರಶ್ನೆಗಳನ್ನು ಕೇಳುವುದು ಲೇಸು. ಕರೆದೊಯ್ಯುವವರು ದಿನಕ್ಕೆ ಎಷ್ಟು ಎತ್ತರ ಏರಿಸುವರು? ಸ್ಥಳೀಯರಾದ ಮಾರ್ಗದರ್ಶಿಗಳು ಎಷ್ಟು ಮಂದಿ? ಹವೆ ಕೆಟ್ಟರೆ ತಂಗಲು ಎಡೆಯೆಲ್ಲಿ? ಸುದ್ದಿ ಕಳುಹಿಸುವ ಸಾಧನವೇನು? ತಿರುಗಿ ಬರೋಣವೆಂದು ತೀರ್ಮಾನಿಸುವ ಅಧಿಕಾರ ಯಾರಿಗೆ? ಈ ಐದಕ್ಕೂ ಸ್ಪಷ್ಟವಾದ ಉತ್ತರ ದೊರೆಯದಿದ್ದರೆ ಹಣ ಕಟ್ಟಬಾರದು.

ಹೋಗುವ ಹುಡುಗಿಯರಿಗೆ ನಾವು ಹೇಳುವುದಿಷ್ಟೇ. ಜೊತೆಯವರೆಲ್ಲರೂ ಮುಂದೆ ನಡೆಯೋಣವೆನ್ನುವಾಗ, ಹಿಮದ ಗುರುತನ್ನು ಕಂಡವಳು ನೀನೊಬ್ಬಳೇ ಆಗಿದ್ದರೆ, ನಾಚದೆ ಬಾಯಿಬಿಟ್ಟು ಹೇಳು. ಶಿಖರವು ಮುಂದಿನ ವರುಷವೂ ಅಲ್ಲಿಯೇ ಇರುವುದು. ದೇವರು ನಿಮ್ಮ ಹೋಗುವಿಕೆಯನ್ನೂ ಬರುವಿಕೆಯನ್ನೂ ಕ್ಷೇಮವಾಗಿ ನಡಿಸಲಿ. ಬಂದ ಮೇಲೆ ಕಂಡದ್ದನ್ನು ನಿಮ್ಮ ತಂಗಿಯರಿಗೆ ಶಾಲೆಗೆ ಬಂದು ಹೇಳಿರಿ.