ಮೆಟ್ಟಿಲು ಮುಚ್ಚಿದ ಬಾವಿ

ಧಾರವಾಡ ಜಿಲ್ಲೆಯ ಕುಬಿಹಾಳದ ಸುತ್ತಲಿನ ಎರೆಸೀಮೆಯಲ್ಲಿ ನೆಲದೊಳಗಿನ ನೀರು ಬಹುಪಾಲು ಸವಳು. ಕುಂದಗೋಳ, ನವಲಗುಂದ ಕಡೆಯ ಹಳ್ಳಿಗಳು ತಲೆಮಾರುಗಳಿಂದ ಕೆರೆಯ ನೀರನ್ನೇ ಕುಡಿದು ಬದುಕಿವೆ. ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುವುದು ಈ ಕಡೆಯ ಹಳೆಯ ರೂಢಿ. ಒಂದು ರೋಗವನ್ನೇ ದೇಶದಿಂದ ಓಡಿಸಿದ ಕತೆಯಲ್ಲಿ ಆ ಅರಿವೆಗೂ ಪಾಲಿದೆ.

ರೋಗದ ಹೆಸರು ನಾರುಹುಣ್ಣು. ಕಾಲ ಮೇಲೆ ಬೊಬ್ಬೆ ಎದ್ದು ಒಡೆದರೆ ಒಳಗಿನಿಂದ ಬಿಳಿ ನಾರಿನಂಥ ಹುಳು ಇಣುಕುತ್ತಿತ್ತು. ಉದ್ದ ಒಂದು ಮೀಟರಿನವರೆಗೂ ಇರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ನಡುವೆ ಹರಿದರೆ ಕಾಲು ಬಾತು ಕೀವು ತುಂಬುತ್ತಿತ್ತು. ವಾರಗಟ್ಟಲೆ ಹೊಲಕ್ಕೆ ಹೋಗುವಂತಿರಲಿಲ್ಲ. ಇದಕ್ಕೆ ನೀರೇ ಕಾರಣ ಎಂದು ಹೇಳುವುದಾದರೂ ಹೇಗೆ? ನೀರು ಕುಡಿದ ದಿನಕ್ಕೂ ಹುಳು ಹೊರಬಂದ ದಿನಕ್ಕೂ ನಡುವೆ ಸುಮಾರು ಒಂದು ವರ್ಷದ ಅಂತರ.

ಆ ಗಂಟನ್ನು ಬಿಡಿಸಿದವರು ರಷ್ಯದ ವಿಜ್ಞಾನಿ ಅಲೆಕ್ಸೀ ಫೆಡ್ಚೆಂಕೊ. 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ, ಹುಳುವಿನ ಮರಿಗಳು ಸೈಕ್ಲಾಪ್ಸ್ ಎಂಬ ನೀರಿನ ಜೀವಿಯ ಒಡಲು ಸೇರುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. 1873ರಲ್ಲಿ, 29ನೇ ವಯಸ್ಸಿಗೇ, ಆಲ್ಪ್ಸ್ ಪರ್ವತದಲ್ಲಿ ತೀರಿಕೊಂಡರು. ಮುಂದೆ ರಾಬರ್ಟ್ ಲೈಪರ್ ಎಂಬ ಇನ್ನೊಬ್ಬ ವಿಜ್ಞಾನಿ, ಜಠರದ ಆಮ್ಲದಲ್ಲಿ ಸೈಕ್ಲಾಪ್ಸ್ ಸತ್ತರೂ ಮರಿಗಳು ಉಳಿಯುತ್ತವೆ ಎಂದು ತೋರಿಸಿದರು. ಸರಪಳಿ ಪೂರ್ತಿ ಕಂಡಿತು: ಹುಣ್ಣಿನ ಕಾಲು ನೀರಿಗಿಳಿದರೆ ಹುಳು ಮರಿ ಬಿಡುತ್ತದೆ; ಸೈಕ್ಲಾಪ್ಸ್ ಅವನ್ನು ನುಂಗುತ್ತದೆ; ಆ ನೀರನ್ನು ಕುಡಿದವರಿಗೆ ಮುಂದಿನ ವರ್ಷ ಹುಣ್ಣು.

ಇದಕ್ಕೆ ಲಸಿಕೆ ಇಲ್ಲ, ಹುಳು ಕೊಲ್ಲುವ ಔಷಧಿಯೂ ಇಲ್ಲ. ಸರಪಳಿಯನ್ನು ಕಡಿಯುವುದೊಂದೇ ದಾರಿ. ಮೊದಲು ಕಾಲು ನೀರಿಗೆ ತಾಗದಂತೆ ಮಾಡಬೇಕು. ಅಂದರೆ, ಜನ ನೀರಿಗಿಳಿಯುವ ಮೆಟ್ಟಿಲುಬಾವಿಯ ಮೆಟ್ಟಿಲು ಮುಚ್ಚಬೇಕು. 1983–84ರಲ್ಲಿ ಭಾರತ ನಿರ್ಮೂಲನ ಕಾರ್ಯಕ್ರಮ ಹಮ್ಮಿಕೊಂಡಾಗ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1984ರಲ್ಲಿ ದೇಶದಲ್ಲಿ ಕಂಡ ರೋಗಿಗಳು ಸುಮಾರು 40,000.

ಮೆಟ್ಟಿಲು ಮುಚ್ಚಿ ಎಂದು ಹೇಳುವುದು ಸುಲಭ. ಮೆಟ್ಟಿಲುಬಾವಿಯೆಂದರೆ ಹಿರಿಯರು ಪುಣ್ಯಕ್ಕೆಂದು ಕಟ್ಟಿಸಿದ್ದು. ಕೊಡ ಮುಳುಗಿಸಿ ಹೊತ್ತು ಬರುತ್ತಿದ್ದ ಹೆಣ್ಣುಮಕ್ಕಳು ಇನ್ನು ಹಗ್ಗ ಹಿಡಿದು ಸೇದಬೇಕು. ಹಾಗಾಗಿ ಮುಚ್ಚುವುದೊಂದೇ ಸಾಲದು. ಕೈಪಂಪು ಅಥವಾ ನಲ್ಲಿಯ ನೀರು, ಇಲ್ಲವೇ ಸೇದಲು ಕಟ್ಟೆ ಬೇಕು. ಸೈಕ್ಲಾಪ್ಸ್ ಕೊಲ್ಲಲು ನೀರಿಗೆ ಟೆಮಿಫಾಸ್ ಎಂಬ ಔಷಧಿ ಹಾಕುವಾಗ ಸಾವಿರ ಲೀಟರಿಗೆ ಒಂದೇ ಗ್ರಾಂ. ಆದರೂ ಕುಡಿಯುವ ನೀರಿಗೆ ಔಷಧಿಯೆಂದರೆ ಯಾರಿಗೂ ಅಳುಕೇ. ನೀರನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದರೆ ಸೈಕ್ಲಾಪ್ಸ್ ಬಿಳಿ ಚುಕ್ಕಿಯಂತೆ ಓಡಾಡುವುದು ಕಾಣುತ್ತದೆ. ಒಮ್ಮೆ ಕಂಡವರಿಗೆ, ಅದನ್ನು ಸೋಸಿ ತೆಗೆಯುವ ಅರಿವೆಯನ್ನು ಕೊಡಕ್ಕೆ ಕಟ್ಟಲು ಮತ್ತೆ ಹೇಳಬೇಕಿಲ್ಲ. ಮನೆಮನೆ ಹುಡುಕಾಟ ನಡೆಯಿತು, ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನ ಸಿಕ್ಕಿತು. ಹುಣ್ಣಾದವರು ತಾವೇ ನೀರಿನಿಂದ ದೂರ ನಿಂತರು.

ದೇಶದ ಕೊನೆಯ ರೋಗಿ ಕಂಡದ್ದು ಜುಲೈ 1996ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಅಲ್ಲಿಂದ ಮೂರು ವರ್ಷ ಎಚ್ಚರ ತಪ್ಪದೆ ಕಾದ ಮೇಲೆ, ಫೆಬ್ರುವರಿ 2000ದಲ್ಲಿ, ಭಾರತ ನಾರುಹುಣ್ಣಿನಿಂದ ಮುಕ್ತ ಎಂಬ ಪ್ರಮಾಣಪತ್ರ ಬಂತು. ಸೂಕ್ಷ್ಮದರ್ಶಕ ಕಂಡದ್ದು ನಮ್ಮ ಬಾವಿಕಟ್ಟೆಗಳಲ್ಲಿ ಫಲಿಸಲು 130 ವರ್ಷ ಬೇಕಾಯಿತು. ಫೆಡ್ಚೆಂಕೊ ಹೆಸರು ಪುಸ್ತಕದಲ್ಲಿದೆ. ಮೆಟ್ಟಿಲು ಬಿಟ್ಟುಕೊಟ್ಟು ಹಗ್ಗ ಹಿಡಿದ ಹೆಣ್ಣುಮಕ್ಕಳ ಹೆಸರು ಎಲ್ಲೂ ಇಲ್ಲ. ಆದರೆ ಕಾಲಲ್ಲಿ ಹುಣ್ಣಿಲ್ಲದೆ ಹೊಲಕ್ಕೆ ಹೋಗುವ ಅವರ ಮೊಮ್ಮಕ್ಕಳಿದ್ದಾರೆ.