ಬಾಗಿಲ ಬೆನ್ನಿಗೊಂದು ಕೊಕ್ಕೆ

ಪೀಣ್ಯದ ಕಾರ್ಖಾನೆಗಳಿಗೆ ಹತ್ತಿರವೆಂದು ಹೆಗ್ಗನಹಳ್ಳಿಯಲ್ಲಿ ಒಂದೆರಡು ಕೋಣೆಯ ಬಾಡಿಗೆ ಮನೆ ಹಿಡಿದವರು ನೀವಾದರೆ ಈ ತೊಡಕು ನಿಮಗೆ ಗೊತ್ತೇ ಇದೆ. ಗೋಡೆಗೆ ಮೊಳೆ ಹೊಡೆಯಲು ಎಷ್ಟೋ ಮಾಲೀಕರು ಒಪ್ಪುವುದಿಲ್ಲ. ಹೊಡೆದರೆ ಮನೆ ಬಿಡುವಾಗ ಅಡ್ವಾನ್ಸಿನ ಲೆಕ್ಕದಲ್ಲಿ ತಕರಾರು. ಹಾಗಾದರೆ ನಾಳೆ ತೊಡುವ ಅಂಗಿ, ಮಕ್ಕಳ ಯೂನಿಫಾರಂ ಎಲ್ಲಿ ತೂಗುಹಾಕುವುದು? ಬಾಗಿಲ ಮೇಲಂಚಿಗೆ ಸಿಕ್ಕಿಸುವ ಕೊಕ್ಕೆಪಟ್ಟಿ ಇದಕ್ಕೆ ತಕ್ಕ ಉಪಾಯ. ಮನೆ ಬದಲಿಸಿದರೆ ಅದೂ ಜೊತೆಗೇ ಬರುತ್ತದೆ.

ಕೊಳ್ಳುವ ಮೊದಲು ಅಳತೆ ನೋಡಿ. ಒಳಬಾಗಿಲಿನ ದಪ್ಪ ಸಾಮಾನ್ಯವಾಗಿ 30 ಅಥವಾ 35 ಮಿಲಿಮೀಟರ್. ಕೊಕ್ಕೆಯ ಬಾಯಿ ಅದಕ್ಕೆ ಹೊಂದಬೇಕು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದಿಯೂ ಬೇಕು. ಕೊಕ್ಕೆಯ ತಗಡಿನಷ್ಟೇ ದಪ್ಪದ ರಟ್ಟನ್ನು ಮಡಚಿ ಬಾಗಿಲ ಮೇಲೆ ಸಿಕ್ಕಿಸಿ, ಮುಚ್ಚಿ ನೋಡಿ. ಬಿಗಿಯಾದರೆ ಬೇಡ. ಮಳೆಗಾಲದಲ್ಲಿ ಮರ ಉಬ್ಬಿ ಸಂದಿ ಇನ್ನೂ ಕಿರಿದಾಗುತ್ತದೆ.

ಹೆಚ್ಚು ಎಳೆತ ಬೀಳುವುದು ಮೇಲಿನ ಕೀಲಿನ ಮೇಲೆ. ಆದ್ದರಿಂದ ಪಟ್ಟಿಯನ್ನು ಚಿಲಕದ ಕಡೆಗಲ್ಲ, ಕೀಲಿನ ಕಡೆಗೆ ಸರಿಸಿ. ಬಚ್ಚಲಿನ ತೆಳು ಪ್ಲಾಸ್ಟಿಕ್ ಬಾಗಿಲಿಗೆ ಒಂದು ಟವೆಲ್ ಸಾಕು. ನೆನೆದ ಬಟ್ಟೆಗಳ ರಾಶಿ ಬೇಡ. ವಾರಗಟ್ಟಲೆ ತೂಗಿದ ಬಟ್ಟೆಯ ಮರೆ ಸೊಳ್ಳೆಗಳಿಗೂ ಇಷ್ಟ, ಆಗಾಗ ಕೊಡವಿ. ಮುಂಬಾಗಿಲಿಗಂತೂ ಹಾಕಲೇಬೇಡಿ. ಅಲ್ಲಿ ಚಿಲಕ ಪೂರ್ತಿ ಕೂರಬೇಕು.