ಹೊಸನಗರ: ತಾಲ್ಲೂಕು ಉಂಟು, ಕ್ಷೇತ್ರವಿಲ್ಲ

2008ರ ವಿಧಾನಸಭಾ ಚುನಾವಣೆಯಲ್ಲಿ ಭದ್ರಾವತಿಯ ಹೊಸಮನೆಯವರು ಎಂದಿನಂತೆ ಭದ್ರಾವತಿ ಕ್ಷೇತ್ರಕ್ಕೇ ಮತ ಹಾಕಿದರು. ಅದೇ ತಾಲ್ಲೂಕಿನ ಹೊಳೆಹೊನ್ನೂರಿನವರಿಗೆ ಕ್ಷೇತ್ರದ ಹೆಸರೇ ಬದಲಾಗಿತ್ತು. ಮಲೆನಾಡಿನ ಹೊಸನಗರದವರಿಗಂತೂ ತಮ್ಮದೆನ್ನುವ ಕ್ಷೇತ್ರವೇ ಉಳಿದಿರಲಿಲ್ಲ.

ಇದಕ್ಕೆ ಕಾರಣ ಕ್ಷೇತ್ರಗಳ ಮರುವಿಂಗಡಣೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿಯ ಆಧಾರದ ಮೇಲೆ ಗಡಿಗಳನ್ನು ಹೊಸದಾಗಿ ಗುರುತಿಸಿತು. ಆದರೆ ರಾಜ್ಯದ ಒಟ್ಟು 224 ಸ್ಥಾನಗಳನ್ನು ಹೆಚ್ಚಿಸುವಂತಿರಲಿಲ್ಲ. ಒಂದೆಡೆ ಕೂಡಿಸಬೇಕಾದರೆ ಇನ್ನೊಂದೆಡೆ ಕಳೆಯಲೇಬೇಕು. ಜನದಟ್ಟಣೆಯ ಬೆಂಗಳೂರು ನಗರ ಜಿಲ್ಲೆಯ ಪಾಲು 28ಕ್ಕೇರಿತು. ಶಿವಮೊಗ್ಗ ಜಿಲ್ಲೆಯದು 8ರಿಂದ 7ಕ್ಕಿಳಿಯಿತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಹೊಳೆಹೊನ್ನೂರು ಕ್ಷೇತ್ರ ಹೋಗಿ, ಅದೇ ಮೀಸಲಾತಿಯ ಶಿವಮೊಗ್ಗ ಗ್ರಾಮಾಂತರ ಕ್ಷೇತ್ರ ಬಂತು. ಹೊಸನಗರಕ್ಕೆ ಬದಲಿ ಸಿಗಲಿಲ್ಲ. ಆ ತಾಲ್ಲೂಕಿನ ಒಂದು ಭಾಗ ಸಾಗರಕ್ಕೂ ಇನ್ನೊಂದು ಭಾಗ ತೀರ್ಥಹಳ್ಳಿಗೂ ಸೇರಿತು. 2004ರಲ್ಲಿ ಹೊಸನಗರದಿಂದ ಗೆದ್ದಿದ್ದ ಹರತಾಳು ಹಾಲಪ್ಪ 2008ರಲ್ಲಿ ಸೊರಬಕ್ಕೆ ಹೋಗಿ ಸ್ಪರ್ಧಿಸಿ ಗೆದ್ದರು. ಶಾಸಕರು ಬೇರೆ ಕ್ಷೇತ್ರ ಹುಡುಕಿಕೊಳ್ಳಬಹುದು. ಮತದಾರರು ಎಲ್ಲಿಗೆ ಹೋದಾರು?

ಈ ಸೀಮೆ ಕಳೆದುಕೊಂಡಿದ್ದು ಇದೇ ಮೊದಲಲ್ಲ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು, ಅಂದರೆ ಇಂದಿನ ನಗರ, ಇದೇ ತಾಲ್ಲೂಕಿನಲ್ಲಿದೆ. 1763ರಲ್ಲಿ ಅದು ಹೈದರಾಲಿಯ ವಶವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿಯ ಹಿನ್ನೀರಿನಲ್ಲಿ ಇಲ್ಲಿನ ಗದ್ದೆ, ತೋಟ, ಮನೆಗಳು ಮುಳುಗಿದವು. ಒಕ್ಕಲೆದ್ದ ಕುಟುಂಬಗಳು ಬೇರೆ ತಾಲ್ಲೂಕುಗಳಲ್ಲಿ ನೆಲೆಸಿದವು. ಆ ವಿದ್ಯುತ್ತಿನಿಂದ ನಗರಗಳು ಬೆಳೆದವು, ಅಲ್ಲಿ ಜನ ಹೆಚ್ಚಿದರು. ಕೊನೆಗೆ ತಲೆಯೆಣಿಕೆಯ ಲೆಕ್ಕದಲ್ಲಿ ನೆಲ ಬಿಟ್ಟುಕೊಟ್ಟ ತಾಲ್ಲೂಕೇ ಸ್ಥಾನವನ್ನೂ ಬಿಟ್ಟುಕೊಡಬೇಕಾಯಿತು.

ಬ್ರಿಟನ್ನಿನಲ್ಲಿ ಇನ್ನೂ ವಿಚಿತ್ರವಾದ ಪದ್ಧತಿಯಿತ್ತು. ಸ್ಕಾಟ್ಲೆಂಡಿನ ಬ್ಯೂಟ್ ಮತ್ತು ಕೇತ್‌ನೆಸ್ ಕೌಂಟಿಗಳು 1832ರವರೆಗೆ ಸರದಿಯಂತೆ ಸಂಸದರನ್ನು ಆರಿಸುತ್ತಿದ್ದವು. ಒಂದು ಸಂಸತ್ತಿಗೆ ಒಂದು ಕೌಂಟಿ ಪ್ರತಿನಿಧಿಯನ್ನು ಕಳಿಸಿದರೆ ಇನ್ನೊಂದು ಸುಮ್ಮನಿರಬೇಕಿತ್ತು. ಹೊಸನಗರದವರಿಗೆ ಪ್ರತಿ ಚುನಾವಣೆಯಲ್ಲೂ ಮತವುಂಟು. ಆದರೆ ರಸ್ತೆ, ಸೇತುವೆ, ಆಸ್ಪತ್ರೆಯ ಕೆಲಸಕ್ಕೆ ಒಂದೇ ತಾಲ್ಲೂಕಿನವರು ಇಬ್ಬರು ಶಾಸಕರ ಬಳಿ ಅಲೆಯಬೇಕು, ಇಬ್ಬರಿಗೂ ಬೇರೊಂದು ತಾಲ್ಲೂಕಿನ ಹೊಣೆಯೂ ಇದೆ.

ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಬದಲಿಸಬಾರದೆಂದು 2001ರ ಸಂವಿಧಾನ ತಿದ್ದುಪಡಿ ಹೇಳಿತು. ಮುಂದಿನ ಮರುವಿಂಗಡಣೆಯಲ್ಲೂ ತಲೆಯೆಣಿಕೆಯೇ ಅಳತೆಗೋಲಾದರೆ, ಕಾಡು, ಹಿನ್ನೀರುಗಳ ನಡುವಿನ ಇಂಥ ತಾಲ್ಲೂಕುಗಳ ದನಿ ಮತ್ತಷ್ಟು ಕ್ಷೀಣಿಸೀತು.